ಚಿಕ್ಕಮ್ಮನಿಗೆ, ಮತ್ತು ನಿಮ್ಮೆಲ್ಲರಿಗೂ

ಪ್ರದರ್ಶನ ಮುಗಿಯಿತು. ಮೈಸೂರಿನಲ್ಲೇ ಮಾಡಬೇಕು ಅಂತ ಹಟ ಹಿಡಿದಿದ್ದೆ. ನಾನು ತಿರುಗಿ ಬರೆದ ಹಳೇ ಚಿತ್ರಗಳನ್ನು ಚಿಕ್ಕಂದಿನಲ್ಲಿ ನೋಡಿದ್ದು ಇಲ್ಲೇ, ಜಗನ್ಮೋಹನ ಅರಮನೆಯಲ್ಲಿ. ಆಸ್ಪತ್ರೆಯ ಕಥೆ ನಿಮಗೆಲ್ಲ ಗೊತ್ತಿದೆ, ಮತ್ತೆ ಹೇಳಲ್ಲ. ಬಲಗೈ ಈಗ ಬ್ರಷ್ ಹಿಡಿಯುತ್ತೆ, ಅಷ್ಟು ಸಾಕು.

ಡಾಕ್ಟರು, ರಾತ್ರಿ ಪಾಳಿಯ ಸಿಸ್ಟರ್‌ಗಳು, ದುಡ್ಡಿನ ಮಾತೇ ಎತ್ತದೆ ಚಿತ್ರಗಳಿಗೆ ಕಟ್ಟು ಹಾಕಿಕೊಟ್ಟ ಅಣ್ಣ, ಬಾಡಿಗೆ ಕೇಳದ ಓನರ್ ಆಂಟಿ, ಮೊಳೆ ಹೊಡೆದು ದೀಪ ಸರಿಮಾಡಿದ ಕಾಲೇಜಿನ ಗೆಳೆಯರು, ಬಂದು ನೋಡಿದವರು, ಕೊಂಡವರು, ಎಲ್ಲರಿಗೂ ಕೈಮುಗಿಯುತ್ತೇನೆ.

ಇನ್ನು ನಮ್ಮ ಚಿಕ್ಕಮ್ಮ. ನಂಜನಗೂಡಿನಲ್ಲಿ ಬ್ಲೌಸ್ ಹೊಲಿಯುತ್ತಾರೆ. ಆ ರಾತ್ರಿ ಸುದ್ದಿ ಕೇಳಿದವರೇ ಮಿಷನ್ ಮುಚ್ಚಿ, ಕೊರಳಲ್ಲಿದ್ದ ಟೇಪನ್ನೂ ತೆಗೆಯದೆ ಬಸ್ ಹತ್ತಿ ಬಂದಿದ್ದರು. ಕೈ ಉಳಿಯೋದು ಕಷ್ಟ ಅಂತ ಯಾರೋ ಬಾಗಿಲ ಆಚೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ನೋಡೋಕೆ ಬಂದವರು ಎಡಗೈಯಲ್ಲೂ ಬರೀಬಹುದು ಬಿಡು ಅಂದರು. ಚಿಕ್ಕಮ್ಮ ಹಾಗನ್ನಲಿಲ್ಲ. "ಅತ್ತುಬಿಡು ಕಣೇ, ಆಮೇಲೆ ಅಳತೆ ತಗೋತೀನಿ" ಅಂದರು. ನಾನು ಅತ್ತೆ. ಜೋರಾಗಿಯೇ ಅತ್ತೆ, ಪಕ್ಕದ ಮಂಚದವರು ಎದ್ದು ಕೂತರು. ಸಾಯೋದಕ್ಕಿಂತ ಕೈ ಹೋಗೋದೇ ನನಗೆ ಹೆಚ್ಚು ಭಯ ಆಗಿತ್ತು, ಅದನ್ನ ಅವರೊಬ್ಬರ ಹತ್ತಿರ ಮಾತ್ರ ಹೇಳಿದೆ.

ಆಮೇಲೆ ಅವರು ನಿಜವಾಗಿಯೂ ಅಳತೆ ತಗೊಂಡರು. ಊದಿದ ತೋಳಿಗೆ ಟೇಪು ಸುತ್ತಿ, ಔಷಧಿ ಚೀಟಿಯ ಹಿಂದೆ ಬರೆದುಕೊಂಡರು. ಬೆಳಗಿನವರೆಗೂ ಆಗಾಗ ಹೀಗೇ. ಮೊದಲ ಸಲ ಬರೆಯುವಾಗ, "ಈ ತೋಳಿಗೆ ಒಂದು ಮೀಟರ್ ಬಟ್ಟೆ ಸಾಲಲ್ಲ, ಲೈನಿಂಗ್ ಬೇರೆ" ಅಂದರು. ನಾವಿಬ್ಬರೂ ನಕ್ಕೆವು. ಅಂಥ ಹೊತ್ತಲ್ಲಿ ನಗು ಬರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಬೆಳಗಿನ ಜಾವ ಅಳತೆ ಕಾಲಿಂಚು ಇಳಿದಿತ್ತು. ಸಿಸ್ಟರ್‌ಗೆ ಮೊದಲು ಹೇಳಿದ್ದು ಅವರೇ.

ನೀವೆಲ್ಲ ಜಾಸ್ತಿ ಹೊತ್ತು ನಿಂತು ನೋಡಿದ ಚಿತ್ರ ಹುಟ್ಟಿದ್ದು ಅಲ್ಲಿಂದ. ಹಲ್ದಣಕರ್ ಅವರ 'ಗ್ಲೋ ಆಫ್ ಹೋಪ್' ಎಲ್ಲರಿಗೂ ಗೊತ್ತು, ದೀಪ ಹಿಡಿದ ಹೆಂಗಸು. ಇವತ್ತಿಗೂ ಎಷ್ಟೋ ಜನ ಅದನ್ನು ರವಿವರ್ಮನದು ಅಂದುಕೊಂಡಿದ್ದಾರೆ. ದೀಪ ಹಿಡಿದು ನಿಂತಿದ್ದು ಹಲ್ದಣಕರ್ ಅವರ ಮಗಳು. ಅದು ಜಲವರ್ಣ, ತಪ್ಪಿದರೆ ತಿದ್ದೋದು ಬಹಳ ಕಷ್ಟ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಗೆ ಕಾಣುತ್ತಲ್ಲ, ಆ ಬೆರಳುಗಳನ್ನ ನಾನು ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿ ಎಷ್ಟು ಸಲ ನೆನಪಿಸಿಕೊಂಡೆನೋ. ನನ್ನ ಚಿತ್ರದಲ್ಲಿ ಆಕೆ ಅದೇ ದೀಪ ಹಿಡಿದು ವಾರ್ಡಿನಲ್ಲಿ ನಿಂತಿದ್ದಾಳೆ. ಮಂಚದ ಮೇಲಿನ ರೋಗಿ ಇನ್ನೂ ಉಸಿರಾಡುತ್ತಿದ್ದಾನೆ, ನೆಂಟರು ಆಗಲೇ ಅವನ ಫೋಟೋಗೆ ಹಾರದ ಅಳತೆ ತೆಗೆಯುತ್ತಿದ್ದಾರೆ. ಆ ಟೇಪು ಚಿಕ್ಕಮ್ಮನದೇ.

ದೊಡ್ಡವರ ಚಿತ್ರ ಇಟ್ಟುಕೊಂಡು ಸಾವಿನ ತಮಾಷೆ ಮಾಡೋದು ಸರಿನಾ ಅಂತ ಕೇಳಿದ ಹಿರಿಯರಿಗೂ ಥ್ಯಾಂಕ್ಸ್, ಅವತ್ತು ಗಡಿಬಿಡಿಯಲ್ಲಿ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ ಸರ್. ರವಿವರ್ಮ 1889ರಲ್ಲಿ ಬರೆದ 'ಗ್ಯಾಲಕ್ಸಿ ಆಫ್ ಮ್ಯುಸಿಷಿಯನ್ಸ್' ಚಿತ್ರದಲ್ಲಿ 11 ಹೆಂಗಸರಿದ್ದಾರೆ, ಒಬ್ಬೊಬ್ಬರದು ಒಂದೊಂದು ಕಡೆಯ ಉಡುಗೆ. ಸಂಗೀತದ ಚಿತ್ರ ಹೌದು, ಆದರೆ ಆ ಮುಖಗಳಲ್ಲಿ ನನಗೆ ಖುಷಿಗಿಂತ ಬೇಸರವೇ ಜಾಸ್ತಿ ಕಾಣುತ್ತೆ. ಅದಕ್ಕೇ ಅವರನ್ನು ಸಾವಿನ ಮನೆಯ ಜಗಲಿಯಲ್ಲಿ ಕೂರಿಸಿ, ಹನ್ನೊಂದನೇ ದಿನದ ಊಟಕ್ಕೆ ಏನು ಮಾಡಿಸೋದು ಅಂತ ಮಾತಿಗೆ ಹಚ್ಚಿದೆ. ಅದು ಅವಮಾನ ಅಲ್ಲ ಸರ್, ಆ ಮುಖಗಳ ಮೇಲೆ ನನಗೆ ತುಂಬ ಪ್ರೀತಿ ಇದೆ. ನಮ್ಮ ಮನೆಗಳಲ್ಲಿ ಅತ್ತವರೇ ಸ್ವಲ್ಪ ಹೊತ್ತಿಗೆ ಪಾಯಸಕ್ಕೆ ಬೆಲ್ಲ ಎಷ್ಟು ಅಂತ ಮಾತಾಡಲ್ವಾ?

ದೀಪದ ಚಿತ್ರವನ್ನು ಮೂವರು ಕೇಳಿದ್ದೀರಿ. ಅದು ಮಾರಾಟಕ್ಕಿಲ್ಲ, ದಯವಿಟ್ಟು ಬೇಜಾರು ಮಾಡ್ಕೋಬೇಡಿ. ನಂಜನಗೂಡಿನ ಅಂಗಡಿಗೆ ಹೋಗುತ್ತೆ. ಟ್ರಯಲ್ ಕನ್ನಡಿಯ ಎದುರಿಗೆ ಹಾಕಬೇಕಂತೆ, ಗಿರಾಕಿಗಳು ನೋಡಲಿ ಅಂತ. ಉಳಿದ ಚಿತ್ರ ಕೊಂಡವರು ಶನಿವಾರದ ನಂತರ ಯಾವಾಗ ಬೇಕಾದರೂ ಬಂದು ತಗೊಂಡು ಹೋಗಬಹುದು, ಒಂದು ಫೋನ್ ಮಾಡಿ ಬನ್ನಿ.