ಹತ್ತುಮೀನಿನ ದಾರಿ

ಪುಟ್ಟೀ,

ನೀನು ಲಕ್ಷದ್ವೀಪದ ಕವರತ್ತಿ ತಲುಪಿದ ಸುದ್ದಿ ಅಮ್ಮನಿಂದ ಗೊತ್ತಾಯಿತು. ನನಗೆ ಫೋನ್ ಮಾಡಲಿಲ್ಲ. ಮಾಡು ಅಂತ ಯಾವ ಬಾಯಲ್ಲಿ ಹೇಳಲಿ? ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ, ಅಷ್ಟು ಜನರ ಎದುರು, "ಮೀನು ಎಣಿಸೋಕೆ ಇಷ್ಟು ಓದಬೇಕಿತ್ತಾ" ಅಂದವನು ನಾನೇ. ತಪ್ಪಾಯ್ತು ಮಗಳೇ.

ಅದು ಹೆದರಿಕೆಯ ಮಾತು. ನಿನಗೆ ಆರು ವರ್ಷವಿದ್ದಾಗ ಹುಟ್ಟಿದ ಹೆದರಿಕೆ. ಮೊದಲ ಮಳೆಗೆ ಹೊಳೆಯಿಂದ ಮೇಲಕ್ಕೆ ಹತ್ತುವ ಹತ್ತುಮೀನು ಬಂದಿವೆ ಅಂತ, ಮೀನು ಹಿಡಿಯುವ ಕೂಳಿ ಹಿಡಿದು ತೋಡಿಗೆ ಹೋಗಿದ್ದೆವು. ನಿನ್ನ ಕಾಲು ಜಾರಿದ್ದು ನಾನು ನೋಡಲೇ ಇಲ್ಲ. ಕೆಂಪು ನೀರು. ಕೈ ಹಾಕಿದೆ, ಬರೀ ಹುಲ್ಲು ಸಿಕ್ಕಿತು. ಮತ್ತೆ ಹಾಕಿದೆ, ಜಡೆ ಸಿಕ್ಕಿತು. ನಿನಗೆ ಅದು ನೆನಪೇ ಇಲ್ಲ. ನನ್ನ ಕೈಗೆ ಈಗಲೂ ಒಂದೊಂದು ರಾತ್ರಿ ಆ ಹುಲ್ಲು ಸಿಗುತ್ತದೆ. ಜಡೆ ಸಿಗುವ ಮೊದಲೇ ಎಚ್ಚರವಾಗುತ್ತದೆ. ಈಗ ನೀನು ಕಡಲ ತಳದಲ್ಲಿ 50 ಮೀಟರ್ ಟೇಪ್ ಹಾಸಿ, ಅದರುದ್ದಕ್ಕೂ ಈಜುತ್ತಾ ಮೀನು ಬರೆದುಕೊಳ್ಳುತ್ತೀಯ.

ಜೊತೆಯವರನ್ನು ಬಿಟ್ಟು ಇಳಿಯಬೇಡ. ಉಸಿರು ಕಟ್ಟಿಕೊಂಡು ಮೇಲೆ ಬರಬೇಡ. ಸರ್ರನೆ ಏರಬೇಡ. ಕೊನೆಯ ಡೈವ್ ಆಗಿ 18 ಗಂಟೆ ಕಳೆಯದೆ ವಿಮಾನ ಹತ್ತಬೇಡ. ಇದೆಲ್ಲ ನೀನೇ ನನಗೆ ಹೇಳಿಕೊಟ್ಟದ್ದು. ಆದರೂ ಬರೆಯದೆ ಇರಲಾಗಲಿಲ್ಲ.

ನೀನು ಬಿಟ್ಟುಹೋದ ನೋಟ್‌ಬುಕ್ ಎರಡು ಸಲ ಓದಿದೆ. 1998, 2010, 2016ರಲ್ಲಿ ನೀರು ಬಿಸಿಯಾಗಿ ಅಲ್ಲಿ ಹವಳ ಬಿಳಿಚಿತಂತೆ. ಗಿಳಿಮೀನು ಪಾಚಿ ಕೆರೆದು ತಿಂದರೆ ಹೊಸ ಹವಳ ಕೂರಲು ಜಾಗ ಸಿಗುತ್ತದಂತೆ. ಆದರೆ ಹವಳದ ಕೆಲವು ಮೀನುಗಳ ಮರಿ ಬೆಳೆಯುವುದು ಲಗೂನಿನ, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರಿನ, ಕಡಲಹುಲ್ಲಿನಲ್ಲಿ. ಹವಳ ಮಾತ್ರ ಕಾಪಾಡಿ ಹುಲ್ಲನ್ನು ಬಿಟ್ಟರೆ ಆಗದು. ಯಾವ ಮೀನು ಯಾವ ವಯಸ್ಸಿನಲ್ಲಿ ಎಲ್ಲಿರುತ್ತದೆ ಅಂತ ಎಣಿಸದೆ, ಎಲ್ಲಿ ಬಲೆ ಬೇಡ ಅಂತ ಹೇಳೋದು ಹೇಗೆ, ಅಲ್ವಾ?

ನಮ್ಮ ಹತ್ತುಮೀನಿನ ಕಥೆಯೂ ಅದೇ. ಹೊಳೆಯಿಂದ ತೋಡು ಹತ್ತಿ ಗದ್ದೆಗೆ ಬಂದು ಮೊಟ್ಟೆ ಇಡುತ್ತಿದ್ದವು. ಕೆಳಗಿನ ಗದ್ದೆಗೆ ನಾನು ಶುಂಠಿ ಹಾಕಿ, ಮದ್ದು ಹೊಡೆದ ಮೇಲೆ ಬರಲಿಲ್ಲ. ಇಷ್ಟು ವರ್ಷ ಹೊಳೆ ಕೆಟ್ಟಿತು ಅಂತಲೇ ಹೇಳಿಕೊಂಡು ತಿರುಗಿದೆ. ಕೆಟ್ಟಿದ್ದು ನನ್ನ ಗದ್ದೆ.

ಮೊನ್ನೆ ಸಂತೆಯಲ್ಲಿ ಸಿಕ್ಕವರಿಗೆಲ್ಲ ನಿನ್ನ ಕೆಲಸ ಹೇಳಿದೆ. ನಮ್ಮ ಕಡೆಯಿಂದ ಕಡಲ ತಳಕ್ಕೆ ಇಳಿದ ಹುಡುಗಿ ಬೇರೆ ಯಾರಿದ್ದಾಳೆ!

ಜೂನ್‌ನಲ್ಲಿ ಅಲ್ಲಿ ಕಡಲು ಏಳುತ್ತದೆ, ಕೆಲಸ ನಿಲ್ಲುತ್ತದೆ ಅಂತ ಹೇಳಿದ್ದೆಯಲ್ಲ. ಆಗ ಬಾ. ಆ ಗದ್ದೆಗೆ ಈ ಸಲ ಭತ್ತವೇ. ತೋಡಿನ ಕಡೆ ಏರಿ ಕಡಿದು ದಾರಿ ಬಿಡುತ್ತೇನೆ. ಮೀನು ಬಂದರೆ ನೀನು ಎಣಿಸು, ನಾನು ಟೇಪ್ ಹಿಡಿಯುತ್ತೇನೆ. ಕೂಳಿ ತರುವುದಿಲ್ಲ.

ನಿನ್ನ ಅಪ್ಪ