ಮಾತ್ರೆ ಚೀಟಿಯ ಜೊತೆ ನಾಲ್ಕು ಮಾತನ್ನೂ ಹೇಳಿ

ಮಾನ್ಯ ಸಂಪಾದಕರೇ,

ನವೆಂಬರ್ 14ರ ಮಧುಮೇಹ ದಿನಕ್ಕೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ದೇಶದಲ್ಲಿ 10 ಕೋಟಿಗೂ ಜಾಸ್ತಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆ 2023ರಲ್ಲೇ ಹೇಳಿದೆ. ಈ ವರ್ಷ ಆ ಲೆಕ್ಕಕ್ಕೆ ನಾನೂ ಸೇರಿದ್ದೇನೆ. ನನಗೆ 43 ವರ್ಷ. ತಿಪಟೂರಿನಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ.

ಯುಗಾದಿ ಹೊತ್ತಿಗೆ ಸೂಜಿಗೆ ದಾರ ಪೋಣಿಸುವುದೇ ಕಷ್ಟವಾಯಿತು. ವಯಸ್ಸಾಯಿತು ಅಂದುಕೊಂಡು ಕನ್ನಡಕ ಮಾಡಿಸಿದೆ. ತಿಂಗಳೊಳಗೆ ಅದರಲ್ಲೂ ಮಂಜು ಮಂಜು. ಕನ್ನಡಕದ ಅಂಗಡಿಯವರೇ "ಅಕ್ಕ, ಮೊದಲು ಶುಗರ್ ಟೆಸ್ಟ್ ಮಾಡಿಸಿ" ಎಂದರು. ಖಾಲಿ ಹೊಟ್ಟೆಯಲ್ಲಿ 214 ಇತ್ತು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 9.6. ಎರಡೂ ತುಂಬಾ ಜಾಸ್ತಿ.

ಆಸ್ಪತ್ರೆಯಲ್ಲಿ ಮಾತ್ರೆ ಬರೆದರು, ಒಂದು ಹಾಳೆ ಕೊಟ್ಟರು. ಪೂರ್ತಿ ಇಂಗ್ಲಿಷ್. ಪಿಯುಸಿ ಓದುವ ಮಗಳು ಓದಿ ಹೇಳಿದಳು: ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ. ನಮ್ಮ ಸಂತೆಯಲ್ಲಿ ಸಿಗುವ ಹುರುಳಿ, ಅವರೆ, ದಂಟಿನ ಸೊಪ್ಪು, ಹೀರೇಕಾಯಿ ಅದರಲ್ಲಿ ಒಂದೂ ಇರಲಿಲ್ಲ.

ಊರವರೆಲ್ಲ "ಅನ್ನ ಬಿಡು, ಮುದ್ದೆ ಉಣ್ಣು" ಎಂದರು. ಅದನ್ನೇ ನಂಬಿ ಬೆಳಿಗ್ಗೆ ರಾಗಿ ಗಂಜಿ, ರಾತ್ರಿ ಎರಡು ಮುದ್ದೆ ಉಂಡೆ. ಉಂಡು ಎರಡು ಗಂಟೆಗೆ ಮೀಟರ್‌ನಲ್ಲಿ ನೋಡಿದರೆ 241! ರಾಗಿಯಲ್ಲಿ ನಾರು ಇರುವುದು ನಿಜ. ಆದರೆ ಅದೂ ಹಿಟ್ಟೇ ಅಲ್ವಾ? ಗಂಜಿ ಮಾಡಿ ಕುಡಿದರಂತೂ ಬೇಗ ಸಕ್ಕರೆಯಾಗುತ್ತದೆ. ಈಗ ಒಂದೇ ಸಣ್ಣ ಮುದ್ದೆ, ಅದಕ್ಕೆ ಮೊದಲು ಒಂದು ಬಟ್ಟಲು ಸೊಪ್ಪಿನ ಪಲ್ಯ, ಜೊತೆಗೆ ಕಾಳು ಜಾಸ್ತಿ ಹಾಕಿದ ಹುರುಳಿ ಸಾರು. ಉಂಡ ಮೇಲೆ ಅತ್ತೆಯವರ ಜೊತೆ ಬೀದಿ ಕೊನೆವರೆಗೆ ನಡೆದು ಬರುತ್ತೇನೆ. ಅದೇ ಮೀಟರ್ 160ರ ಆಸುಪಾಸು ತೋರಿಸುತ್ತದೆ.

ನಾನು ಮುಖ್ಯವಾಗಿ ಬರೆಯಬೇಕೆಂದುಕೊಂಡಿದ್ದು ಶ್ರಾವಣದ ಒಂದು ಶನಿವಾರದ ವಿಷಯ. ಅವತ್ತು ಒಪ್ಪತ್ತು. ಎಂದಿನಂತೆ ಬೆಳಿಗ್ಗೆ ಮಾತ್ರೆ ನುಂಗಿ, ಬರೀ ಒಂದು ಲೋಟ ಕಾಫಿ ಕುಡಿದು ಮೆಷಿನ್ ಮುಂದೆ ಕೂತೆ. ಹನ್ನೊಂದು ಗಂಟೆಗೆ ಕೈ ನಡುಗೋಕೆ ಶುರುವಾಯಿತು. ಕತ್ತಿನಿಂದ ತಣ್ಣನೆ ಬೆವರು, ಎದೆ ಡವಡವ. ಸೂಜಿಯ ಕಣ್ಣು ಕಾಣುತ್ತಿದೆ, ಆದರೆ ದಾರ ಅಲ್ಲಿಗೆ ಹೋಗುತ್ತಿಲ್ಲ. ಏನಾಯಿತಮ್ಮಾ ಎಂದು ಕೇಳಿದ ಮಗಳ ಮೇಲೆ ಸುಮ್ನೆ ರೇಗಿದೆ. ಅವಳೇ ಬೆರಳು ಚುಚ್ಚಿ ನೋಡಿದಳು. 58. ಪಕ್ಕದ ಮನೆ ಅಜ್ಜಿಗೆ ಹಳೇ ಸಕ್ಕರೆ ಕಾಯಿಲೆ. ಓಡಿ ಬಂದು ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿದರು. ಹದಿನೈದು ನಿಮಿಷಕ್ಕೆ ಕೈ ನನ್ನ ಮಾತು ಕೇಳಿತು. ಆಮೇಲೆ ಅಜ್ಜಿ ಒತ್ತಾಯ ಮಾಡಿ ಊಟ ಮಾಡಿಸಿದರು.

ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದೂ ಅಪಾಯ ಆಗಬಹುದು ಅನ್ನುವುದೇ ನನಗೆ ಗೊತ್ತಿರಲಿಲ್ಲ. 70ಕ್ಕಿಂತ ಕೆಳಗೆ ಹೋದರೆ ತಕ್ಷಣ ಸಿಹಿ ತಗೊಳ್ಳಬೇಕಂತೆ. ನನ್ನ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಜೊತೆ ಸಕ್ಕರೆಯನ್ನು ತೀರಾ ಇಳಿಸಿಬಿಡಬಹುದಾದ ಗ್ಲಿಮೆಪಿರೈಡ್ ಎಂಬ ಔಷಧಿಯೂ ಇದೆ, ಅದನ್ನು ನುಂಗಿ ಊಟ ಬಿಡಬಾರದು ಎಂದು ಮುಂದಿನ ವಾರ ನಮ್ಮ ಆಶಾ ಕಾರ್ಯಕರ್ತೆ ತಿಳಿಸಿದರು. ಕಣ್ಣಿನ ಪರದೆಯನ್ನು ವರ್ಷಕ್ಕೊಮ್ಮೆ ತೋರಿಸಬೇಕು, ಅಂಗಾಲನ್ನು ದಿನಾ ನೋಡಿಕೊಳ್ಳಬೇಕು ಎಂದು ಹೇಳಿದ್ದೂ ಅವರೇ. ಮಾತ್ರೆ ಕೊಟ್ಟ ದಿನ ಈ ಮಾತಿಗೆ ಐದು ನಿಮಿಷ ಸಾಕಿತ್ತು. ಹೊಲದಲ್ಲಿ ಒಬ್ಬರೇ ಇರುವವರಿಗೆ, ಬಸ್ಸಿನಲ್ಲಿ ಹೋಗುತ್ತಿರುವವರಿಗೆ ನನ್ನ ಹಾಗೆ ಆದರೆ ಯಾವ ಅಜ್ಜಿ ಓಡಿ ಬರುತ್ತಾರೆ?

ವೈದ್ಯರಿಗೆ ರೋಗಿಗಳು ಜಾಸ್ತಿ, ಹೊತ್ತು ಕಡಿಮೆ. ಅದು ನನಗೆ ಅರ್ಥವಾಗುತ್ತದೆ. ಆದರೆ ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ, ನರ್ಸಮ್ಮನೋ ಔಷಧಿ ಕೊಡುವವರೋ ಓದಿ ಹೇಳಬಹುದು. ಮುದ್ದೆ ಎಷ್ಟು ದಪ್ಪ, ಅನ್ನ ಎಷ್ಟು, ಒಪ್ಪತ್ತಿನ ದಿನ ಮಾತ್ರೆ ಏನು ಮಾಡಬೇಕು, ಕೈ ನಡುಗಿದರೆ ಏನು ಕುಡಿಯಬೇಕು, ಇಷ್ಟಿದ್ದರೆ ಸಾಕು. ಆರೋಗ್ಯ ಇಲಾಖೆಯವರು ದಯವಿಟ್ಟು ಇದನ್ನು ಎಲ್ಲ ಆಸ್ಪತ್ರೆಗಳಿಗೂ ತಲುಪಿಸಬೇಕು. ನನ್ನ ಮೂರು ತಿಂಗಳ ಸರಾಸರಿ 9.6 ಇದ್ದದ್ದು ಈಗ 7.4ಕ್ಕೆ ಇಳಿದಿದೆ. ಹೊಸದಾಗಿ ಗೊತ್ತಾದವರು ಯಾರಾದರೂ ನಮ್ಮ ಬೀದಿಯಲ್ಲಿದ್ದರೆ ನಾನೇ ಕೂತು ಹೇಳಿಕೊಡುತ್ತೇನೆ.

ಇತಿ,
ಹೊಲಿಗೆ ಕೆಲಸದ ಒಬ್ಬ ಗೃಹಿಣಿ, ತಿಪಟೂರು