ಯಶಸ್ಸಿನ ಶುಲ್ಕದ ಬಿಲ್ಲು ಮತ್ತು ನಿಮ್ಮ ಕಡತದಲ್ಲೇ ಉಳಿದ ನನ್ನ ಅಧಿಕಾರ ಪತ್ರ

ಇವರಿಗೆ,
ವ್ಯವಸ್ಥಾಪಕ ನಿರ್ದೇಶಕರು,
(ಸಂಸ್ಥೆಯ ಹೆಸರು ಲಕೋಟೆಯ ಮೇಲಿದೆ)
ಬೆಂಗಳೂರು

ಮಾನ್ಯರೇ,

ಕಳೆದ ಸೋಮವಾರ ನಿಮ್ಮ ಲೆಕ್ಕ ವಿಭಾಗದಿಂದ 1,18,000 ರೂಪಾಯಿಯ ಬಿಲ್ಲು ಬಂತು. ಒಂದು ಲಕ್ಷ ‘ಯಶಸ್ಸಿನ ಶುಲ್ಕ’, ಉಳಿದದ್ದು ಜಿಎಸ್‌ಟಿ. ಯಾರ ಯಶಸ್ಸು ಎಂದು ಕೇಳಲು ಶುಕ್ರವಾರದವರೆಗೆ ಒಂಬತ್ತು ಬಾರಿ ಫೋನ್ ಮಾಡಿದೆ. ಎಂಟು ಬಾರಿ ಸಂಗೀತ ಕೇಳಿಸಿದಿರಿ. ಒಂಬತ್ತನೆಯ ಬಾರಿ ಎತ್ತಿದವರು ‘ಮೇಲ್ ಹಾಕಿ’ ಎಂದರು. ಮೇಲ್ ಹಾಕಿ ಹಾಕಿ ಸಾಕಾಗಿದೆ. ಆದ್ದರಿಂದ ಈ ರಿಜಿಸ್ಟರ್ಡ್ ಪತ್ರ. ಸಿಟ್ಟು ಮಾಡದೆ ಬರೆಯಬೇಕೆಂದು ಹೆಂಡತಿ ಹೇಳಿದ್ದಾಳೆ. ಪ್ರಯತ್ನಿಸುತ್ತೇನೆ.

ನನ್ನ ಪ್ರಕರಣ ನಿಮಗೆ ಗೊತ್ತಿರಲೇಬೇಕು, ಇಂಟರ್‌ಪೋಲ್ ಕಡತದಿಂದ ನನ್ನ ಹೆಸರು ತೆಗೆಸಿಕೊಡುತ್ತೇವೆಂದು ಹದಿನಾಲ್ಕು ತಿಂಗಳಿನಿಂದ ಹಣ ಪಡೆಯುತ್ತಿದ್ದೀರಿ. ದುಬೈಯ ದೇರಾದಲ್ಲಿ ವಾಹನ ಬಿಡಿಭಾಗಗಳ ಅಂಗಡಿ ಇಟ್ಟಿದ್ದೆ. ಪಾಲುದಾರನ ಸಾಲಕ್ಕೆ ಭದ್ರತೆಯೆಂದು ಸಹಿ ಹಾಕಿ ಕೊಟ್ಟ ಚೆಕ್ಕು 2018ರಲ್ಲಿ, ಅಂಗಡಿ ಮುಚ್ಚಿ ನಾನು ಉಡುಪಿಗೆ ಮರಳಿದ ಮೇಲೆ, ವಾಪಸಾಯಿತು. ಆಗ ಅಲ್ಲಿ ಅದು ಕ್ರಿಮಿನಲ್ ಪ್ರಕರಣ. ಅದರ ಸುದ್ದಿಯೇ ನನಗಿರಲಿಲ್ಲ. ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಹೊರಟಾಗ, ಮಗಳಿರುವ ದೇಶದ ವಿಮಾನ ನಿಲ್ದಾಣದಲ್ಲಿ ಹದಿನೇಳು ಗಂಟೆ ಕೂರಿಸಿ, ನಿಮ್ಮ ಹೆಸರಿನ ಮೇಲೆ ಇಂಟರ್‌ಪೋಲ್ ಸೂಚನೆ ಇದೆ ಎಂದು ಹೇಳಿ ಬಂದ ದಾರಿಗೇ ಕಳಿಸಿದರು. ಹೆಂಡತಿ ಒಬ್ಬಳೇ ಒಳಗೆ ಹೋದಳು. ಲೇಹ್ಯದ ಡಬ್ಬಿ ನನ್ನ ಚೀಲದಲ್ಲೇ ಉಳಿದು ನನ್ನ ಜೊತೆಗೇ ವಾಪಸ್ ಬಂತು.

ಆ ಸೂಚನೆ ರೆಡ್ ನೋಟಿಸೋ ಡಿಫ್ಯೂಷನ್ನೋ ಎಂದು ನಿಮ್ಮವರು ಇಂದಿನವರೆಗೆ ಕೇಳಿಲ್ಲ. ಎರಡೂ ಈ ವ್ಯಕ್ತಿಯನ್ನು ಪತ್ತೆಹಚ್ಚಿ ಹಿಡಿದಿಡಿ ಎಂಬ ಕೋರಿಕೆಗಳೇ. ಮೊದಲನೆಯದನ್ನು ಇಂಟರ್‌ಪೋಲ್ ತಾನೇ ಪರಿಶೀಲಿಸಿ ಹೊರಡಿಸುತ್ತದೆ. ಎರಡನೆಯದನ್ನು ಒಂದು ದೇಶದ ಪೊಲೀಸರು ಬೇಕಾದ ದೇಶಗಳಿಗೆ ನೇರವಾಗಿ ಕಳಿಸುತ್ತಾರೆ. ಇದನ್ನು ನಾನು ನಿಮಗೆ ವಿವರಿಸಬೇಕಾಗಿ ಬಂದದ್ದೇ ವಿಚಿತ್ರ.

ನೀವು ತಯಾರಿಸಿದ ಅರ್ಜಿಯ ಕರಡನ್ನು ಓದಿದಾಗ ನಾನು ಯಾರೆಂದು ನನಗೇ ಅನುಮಾನ ಬಂತು. ಅದರಲ್ಲಿ ನಾನು ಸರ್ಕಾರವನ್ನು ಟೀಕಿಸಿ ದೇಶ ಬಿಟ್ಟ ಭಿನ್ನಮತೀಯ. ಇಂಟರ್‌ಪೋಲ್ ಸಂವಿಧಾನದ 3ನೇ ವಿಧಿ ರಾಜಕೀಯ ಪ್ರಕರಣಗಳಲ್ಲಿ ತಲೆಹಾಕುವುದನ್ನು ನಿಷೇಧಿಸುತ್ತದೆ ಎಂದು ನಾಲ್ಕು ಪುಟ. ಸ್ವಾಮಿ, ನಾನು ಮಾರಿದ್ದು ಬ್ರೇಕ್ ಪ್ಯಾಡು. ಐದನೆಯ ಪುಟದಲ್ಲಿ ನನ್ನನ್ನು ‘ಈ ಪತ್ರಕರ್ತೆ’ ಎಂದು ಕರೆದಿದ್ದೀರಿ. ನನಗೆ ಬೇಕಾಗಿದ್ದ ಮಾತು, ಅಂದರೆ ಖಾಸಗಿ ವ್ಯಾಜ್ಯದಿಂದ ಹುಟ್ಟಿದ ಅಪರಾಧಕ್ಕೆ ರೆಡ್ ನೋಟಿಸ್ ಹೊರಡಿಸಬಾರದೆನ್ನುವ ಇಂಟರ್‌ಪೋಲ್ ದತ್ತಾಂಶ ನಿಯಮಗಳ 83ನೇ ವಿಧಿ, ಎಲ್ಲಿಯೂ ಇಲ್ಲ. ಖಾತೆಯಲ್ಲಿ ಹಣವಿಲ್ಲದೆ ಚೆಕ್ಕು ವಾಪಸಾಗುವುದನ್ನು 2022ರ ಜನವರಿಯಿಂದ ಯುಎಇ ದೇಶವೇ ಕ್ರಿಮಿನಲ್ ಅಪರಾಧದ ಪಟ್ಟಿಯಿಂದ ತೆಗೆದಿದೆ, ಅದೂ ಇಲ್ಲ. ತಿದ್ದುಪಡಿ ಬರೆದು ಕಳಿಸಿದೆ. ‘ನೋಟೆಡ್ ಸರ್’ ಎಂದು ಉತ್ತರ ಬಂತು.

ಇನ್ನು ಕಳೆದ ತಿಂಗಳು 11ರಂದು ನಿಮ್ಮ ಕಚೇರಿಯಲ್ಲಿ ನಡೆದದ್ದು. ಇದನ್ನು ವಿವರವಾಗಿಯೇ ಬರೆಯುತ್ತೇನೆ, ನೀವು ಅಲ್ಲಿರಲಿಲ್ಲ, ಎಂದೂ ಇರುವುದಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ ಎಂದಿದ್ದಿರಿ. ರಾತ್ರಿ ಬಸ್ಸಿನಲ್ಲಿ ಬಂದು, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದು, ಹತ್ತೂವರೆಗೇ ನಿಮ್ಮ ಸೋಫಾದ ಮೇಲಿದ್ದೆ. ಎದುರಿಗೆ ವೀಸಾ ಕೆಲಸಕ್ಕೆ ಬಂದಿದ್ದ ವಯಸ್ಸಾದ ದಂಪತಿ. ಆ ತಾಯಿ ನನ್ನ ಊರು ಕೇಳಿ, ತಮ್ಮ ತವರು ಬ್ರಹ್ಮಾವರ ಎಂದು ಹೇಳಿ, ಚಕ್ಕುಲಿಯ ಪೊಟ್ಟಣ ಬಿಚ್ಚುತ್ತಿದ್ದರು. ಹನ್ನೆರಡೂಕಾಲಕ್ಕೆ ಒಳಗಿನಿಂದ ಒಬ್ಬ ಹುಡುಗ ಬಂದು ಬಾಗಿಲಲ್ಲೇ ನಿಂತು ಗಟ್ಟಿಯಾಗಿ, ‘ರೆಡ್ ಕಾರ್ನರ್ ಯಾರು? ದುಬೈ ಚೆಕ್ಕು?’ ಎಂದ. ನಾನು ಏಳಬೇಕಾಯಿತು. ಎದ್ದಾಗ ಆ ತಾಯಿ ಪಕ್ಕದಲ್ಲಿದ್ದ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಜಿಪ್ ಹಾಕಿದರು. ಅವರನ್ನು ದೂರುವುದಿಲ್ಲ. ರೆಡ್ ನೋಟಿಸ್ ಬಂಧನದ ವಾರಂಟ್ ಅಲ್ಲ, ಅಪರಾಧ ಸಾಬೀತಾಗಿದೆ ಎಂಬುದರ ಪುರಾವೆಯೂ ಅಲ್ಲ ಎಂಬುದು ಅವರಿಗೆ ಗೊತ್ತಿರಬೇಕಾಗಿಲ್ಲ. ಗೊತ್ತಿರಬೇಕಾದವರು ನೀವು.

ಒಳಗೆ ಆ ಹುಡುಗ ಲ್ಯಾಪ್‌ಟಾಪ್ ತೆರೆದು ಇಂಟರ್‌ಪೋಲ್ ಜಾಲತಾಣದಲ್ಲಿ ನನ್ನ ಹೆಸರು ಹುಡುಕಿದ. ಯಾವ ಫಲಿತಾಂಶವೂ ಇಲ್ಲವೆಂದು ಬಂತು. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, ‘ಹೆಸರೇ ಇಲ್ಲವಲ್ಲ ಅಂಕಲ್, ತೆಗೆದಿದ್ದಾರೆ’ ಎಂದ. ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟಿದ್ದೀಯಪ್ಪ ಎಂದೆ. ಸರಿಪಡಿಸಿದ, ಆಗಲೂ ಇಲ್ಲ. ಬಹುಪಾಲು ರೆಡ್ ನೋಟಿಸ್‌ಗಳನ್ನು ಸಾರ್ವಜನಿಕರಿಗೆ ತೋರಿಸುವುದೇ ಇಲ್ಲ, ಪೊಲೀಸರಿಗೆ ಮಾತ್ರ ಕಾಣಿಸುತ್ತವೆ, ಡಿಫ್ಯೂಷನ್ ಅಂತೂ ಅಲ್ಲಿ ಬರುವುದಿಲ್ಲ, ಮೊದಲೂ ನನ್ನ ಹೆಸರು ಅಲ್ಲಿರಲಿಲ್ಲ ಎಂದೆ. ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ದನಿ ತಗ್ಗಿಸಿ ಕೇಳಿದ: ‘ನಿಜ ಹೇಳಿ ಅಂಕಲ್, ಚೆಕ್ಕು ಒಂದೇನಾ? ಬೇರೆ ಏನಾದರೂ ಮಾಡಿದ್ದೀರಾ?’

ನನಗೆ ಅರವತ್ತೆರಡು ವರ್ಷ. ಆ ಪ್ರಶ್ನೆಯನ್ನು ವಿಮಾನ ನಿಲ್ದಾಣದ ಅಧಿಕಾರಿಯೂ ಕೇಳಿರಲಿಲ್ಲ.

ಆಮೇಲೆ ಅವನು ನನ್ನ ಫೋನ್ ನಂಬರಿಗಾಗಿ ಕಡತ ಬಿಚ್ಚಿದ. ಮೇಲೆಯೇ ಪ್ಲಾಸ್ಟಿಕ್ ಕವರಿನಲ್ಲಿ, ನನ್ನ ಪರವಾಗಿ ಅರ್ಜಿ ಹಾಕಲು ನಿಮಗೆ ಕೊಟ್ಟ ಅಧಿಕಾರ ಪತ್ರ, ನೋಟರಿಯ ನೇರಳೆ ಮುದ್ರೆ, ನನ್ನ ಸಹಿ. ನಕಲಲ್ಲ, ಮೂಲ ಪ್ರತಿ. ನಿಮಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದಾಗ ಮಳೆಯ ಹನಿ ಬಿದ್ದು ಒಂದು ಮೂಲೆ ಉಬ್ಬಿತ್ತು. ಆ ಮೂಲೆಯೂ ಹಾಗೆಯೇ ಇತ್ತು. ಎಷ್ಟು ಜೋಪಾನವಾಗಿ ಇಟ್ಟಿದ್ದಾರೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು.

ಎರಡು ವಾರದ ನಂತರ ಅರ್ಥವಾಯಿತು. ನಾನೇ ಫ್ರಾನ್ಸಿನ ಲಿಯಾನ್‌ನಲ್ಲಿರುವ ಇಂಟರ್‌ಪೋಲ್ ಕಡತಗಳ ನಿಯಂತ್ರಣ ಆಯೋಗಕ್ಕೆ, ಅಂದರೆ ಹೆಸರು ಅಳಿಸುವ ಇಂಥ ಅರ್ಜಿಗಳನ್ನು ತೀರ್ಮಾನಿಸುವವರಿಗೆ, ಬರೆದಿದ್ದ ಪತ್ರಕ್ಕೆ ಉತ್ತರ ಬಂತು. ಪ್ರತಿಯನ್ನು ಲಗತ್ತಿಸಿದ್ದೇನೆ. ನಿಮ್ಮ ಸಂಸ್ಥೆ ಸಲ್ಲಿಸಿದ ಅರ್ಜಿಯ ಜೊತೆ ಮೂಲ ಅಧಿಕಾರ ಪತ್ರವಾಗಲಿ ಗುರುತಿನ ಚೀಟಿಯ ಪ್ರತಿಯಾಗಲಿ ಇರಲಿಲ್ಲವಂತೆ. ಕಳಿಸಿ ಎಂದು ಅವರು ಹತ್ತು ತಿಂಗಳ ಹಿಂದೆಯೇ ನಿಮಗೆ ಬರೆದಿದ್ದರಂತೆ. ಉತ್ತರ ಹೋಗಿಲ್ಲವಂತೆ. ಅರ್ಜಿ ಕ್ರಮಬದ್ಧವಲ್ಲವಾದ್ದರಿಂದ ಪರಿಶೀಲನೆಗೇ ತೆಗೆದುಕೊಂಡಿಲ್ಲ.

ಮಾಹಿತಿ ಕೇಳಿದರೆ ನಾಲ್ಕು ತಿಂಗಳು, ಅಳಿಸಲು ಕೇಳಿದರೆ ಒಂಬತ್ತು ತಿಂಗಳು ಎಂದು ನನಗೆ ಬೆರಳು ಮಡಚಿ ಲೆಕ್ಕ ಹೇಳಿದವರು ನೀವೇ. ಆ ಲೆಕ್ಕ ಶುರುವಾಗುವುದು ಅರ್ಜಿ ಸ್ವೀಕಾರಾರ್ಹವಾದ ದಿನದಿಂದ. ಅಂದರೆ ಹದಿನಾಲ್ಕು ತಿಂಗಳಲ್ಲಿ ನನ್ನ ಒಂಬತ್ತು ತಿಂಗಳ ಮೊದಲ ದಿನವೂ ಬಂದಿಲ್ಲ. ಮೊಮ್ಮಗ ನಡೆಯುತ್ತಿದ್ದಾನೆ.

ಹಣದ ವಿಚಾರ. ನಿಮ್ಮ ಶುಲ್ಕ 3,50,000. ಅದರ ಮೇಲೆ ‘ಇಂಟರ್‌ಪೋಲ್ ಅರ್ಜಿ ಶುಲ್ಕ’ ಎಂದು 45,000ಕ್ಕೆ ಬೇರೆ ರಸೀದಿ ಕೊಟ್ಟಿದ್ದೀರಿ. ಆ ಆಯೋಗ ಅರ್ಜಿಗೆ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಆ ನಲವತ್ತೈದು ಸಾವಿರ ಲಿಯಾನ್ ತಲುಪಿದ್ದರೆ ಅವರಿಗೇ ಆಶ್ಚರ್ಯವಾಗಿರುತ್ತಿತ್ತು.

ಎರಡನೆಯ ಕಂತು ತಡವಾದಾಗ ನಿಮ್ಮವರು ಫೋನಿನಲ್ಲಿ, ನಾಳೆಯೇ ನಿಮ್ಮನ್ನು ದುಬೈಗೆ ಗಡೀಪಾರು ಮಾಡಬಹುದು ಎಂದರು. ಹೆಂಡತಿ ಆ ರಾತ್ರಿ ಊಟ ಮಾಡಲಿಲ್ಲ. ಮೊದಲನೆಯದಾಗಿ ಅದು ಗಡೀಪಾರಲ್ಲ, ಹಸ್ತಾಂತರ. ಎರಡನೆಯದಾಗಿ, 1962ರ ಹಸ್ತಾಂತರ ಕಾಯ್ದೆಯ ಪ್ರಕಾರ ಕೋರಿಕೆ ಕೇಂದ್ರ ಸರ್ಕಾರಕ್ಕೆ ಬರಬೇಕು, ಮ್ಯಾಜಿಸ್ಟ್ರೇಟರು ವಿಚಾರಣೆ ನಡೆಸಬೇಕು, ಮೇಲ್ನೋಟಕ್ಕೆ ಪ್ರಕರಣವಿಲ್ಲವೆಂದು ಕಂಡರೆ ಬಿಡಬೇಕು. ಅಷ್ಟೇ ಅಲ್ಲ, ಯುಎಇಯೊಂದಿಗೆ 1999ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಭಾರತ ತನ್ನ ಪ್ರಜೆಯನ್ನು ಒಪ್ಪಿಸುವುದಿಲ್ಲ ಎಂದೇ ಇದೆ. ಮೊಕದ್ದಮೆ ನಡೆಸುವುದಾದರೆ ಇಲ್ಲಿಯೇ. ಇದು ನಿಮಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೆದರಿಸಿದಿರೋ? ಯಾವುದು ಹೆಚ್ಚು ಮರ್ಯಾದೆಯ ಉತ್ತರವೆಂದು ಯೋಚಿಸಿ ಹೇಳಿ.

ನನಗೆ ಬೇಕಾದದ್ದು: ಮೂಲ ಅಧಿಕಾರ ಪತ್ರ, ಇಡೀ ಕಡತ, ಲಿಯಾನ್‌ನಿಂದ ನಿಮಗೆ ಬಂದ ಪ್ರತಿಯೊಂದು ಕಾಗದ, ಮತ್ತು 3,95,000 ರೂಪಾಯಿ. ಹೊಸ ಅರ್ಜಿಯನ್ನು ನಾನೇ ಬರೆದುಕೊಳ್ಳುತ್ತೇನೆ. ಅದರಲ್ಲಿ ಪತ್ರಕರ್ತೆ ಇರುವುದಿಲ್ಲ.

ನಿಮ್ಮ ಬಗ್ಗೆ ಒಂದು ಗೊಂದಲ ಉಳಿದಿದೆ, ನೀವೇ ಬಗೆಹರಿಸಬೇಕು. ನಿಮ್ಮ ಬೋರ್ಡಿನ ಮೇಲೆ ‘ವಕೀಲರು’ ಎಂದಿದೆ, ಬಿಲ್ಲಿನ ಮೇಲೆ ‘ಸಲಹಾ ಸೇವೆ’ ಎಂದಿದೆ. ವಕೀಲರಾಗಿದ್ದರೆ, 2024ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನಂತೆ ನಿಮ್ಮನ್ನು ಗ್ರಾಹಕ ಆಯೋಗಕ್ಕೆ ಎಳೆಯುವಂತಿಲ್ಲ. ಆದರೆ ಗೆದ್ದರೆ ಇಷ್ಟು ಎಂದು ಶುಲ್ಕ ಕಟ್ಟುವುದನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸುತ್ತದೆ, ನೀವು ಅದನ್ನು ಜಿಎಸ್‌ಟಿ ಸಮೇತ ಬರವಣಿಗೆಯಲ್ಲಿ ಕೊಟ್ಟಿದ್ದೀರಿ. ಸಲಹಾ ಸಂಸ್ಥೆಯಾಗಿದ್ದರೆ ಆ ತೀರ್ಪಿನ ಕೊಡೆ ನಿಮಗಿಲ್ಲ, ಜಿಲ್ಲಾ ಗ್ರಾಹಕ ಆಯೋಗದಲ್ಲಿ ಭೇಟಿಯಾಗೋಣ. ಎರಡೂ ದೂರುಗಳನ್ನು ಟೈಪ್ ಮಾಡಿಸಿಟ್ಟಿದ್ದೇನೆ. ಹದಿನೈದು ದಿನ ಕಾಯುತ್ತೇನೆ. ನೀವು ಯಾರೆಂದು ತಿಳಿಸಿದರೆ ಒಂದನ್ನು ಕಳಿಸುತ್ತೇನೆ, ತಿಳಿಸದಿದ್ದರೆ ಎರಡನ್ನೂ.

ಇಂತಿ,
ನಿಮ್ಮ ಕಚೇರಿಯ ‘ದುಬೈ ಚೆಕ್ಕು’
ಉಡುಪಿ

ಲಗತ್ತು: ಲಿಯಾನ್‌ನ ಉತ್ತರ, ಮೂರು ರಸೀದಿಗಳು, ಯಶಸ್ಸಿನ ಬಿಲ್ಲು (ಮೂಲ ಪ್ರತಿ ನನ್ನ ಬಳಿಯೇ ಇರುತ್ತದೆ; ಜೋಪಾನವಾಗಿ)